ರತ್ನಗಂಬಳಿಯ ಚರಿತ್ರೆ ಮತ್ತು ಜಮಖಾನೆಯ ಸ್ಥಾನ

ಗೋಲಕೊಂಡೆಯ ಕೋಟೆಗೆ ಅನತಿದೂರದಲ್ಲಿರುವ ಮಣಿಕೊಂಡ ಹಿಂದೆ ಜಾಗೀರು ಗ್ರಾಮವಾಗಿದ್ದಿತು. ಇಂದು ಅದು ಹೈದರಾಬಾದಿನ ಬಹು ಅಂತಸ್ತಿನ ವಸತಿಗಳ ಬಡಾವಣೆ. ಉದ್ಯೋಗನಿಮಿತ್ತವಾಗಿ ಬಂದ ಕನ್ನಡ ಕುಟುಂಬಗಳು ಅಲ್ಲಿಯೂ ನೆಲೆಸಿವೆ. ಆ ನೆಲ ಕನ್ನಡಿಗರಿಗೆ ತೀರ ಹೊಸದೆಂದು ಹೇಳುವಂತಿಲ್ಲ. ಅಲ್ಲಿಯ ದರ್ಗಾದಲ್ಲಿ ವಿಶ್ರಮಿಸಿರುವ, ಹುಸೇನಸಾಗರದ ಕೆರೆಯೊಡನೆ ಹೆಸರು ಬೆಸೆದುಕೊಂಡಿರುವ ಹುಸೇನ್ ಶಾ ವಲಿಯವರು ಕಲಬುರ್ಗಿಯ ಬಂದೇನವಾಜರ ವಂಶದವರೆಂದು ಸಂಪ್ರದಾಯ ಹೇಳುತ್ತದೆ. ದಖ್ಖನಿನಲ್ಲಿ ಸಂತರು, ಸೈನಿಕರು, ನೇಕಾರರು ಒಂದೇ ದಾರಿಯಲ್ಲಿ ನಡೆದವರು. ಅವರ ಹಿಂದೆಯೇ ಅವರ ಹಾಸಿಗೆ ಹೊದಿಕೆಗಳೂ ನಡೆದುವು.

ಇಂತಹ ಮನೆಯೊಂದರಲ್ಲಿ ಸಾಮಾನ್ಯವಾಗಿ ಎರಡು ಬಗೆಯ ನೆಲಹಾಸು ಕಾಣಸಿಗುತ್ತವೆ. ಹೊರಕೋಣೆಯಲ್ಲಿ ಆಸನಗಳ ನಡುವೆ ಸದಾ ಹರಡಿರುವುದು ಒಂದು. ಅದನ್ನು ಮನೆಯವರು ‘ಕಾರ್ಪೆಟ್’ ಎನ್ನುತ್ತಾರೆ. ಅಟ್ಟದ ಮೇಲೆ ಮಡಿಸಿಟ್ಟಿರುವುದು ಇನ್ನೊಂದು. ನೆಂಟರು ಕುರ್ಚಿಗಳ ಲೆಕ್ಕವನ್ನು ಮೀರಿದಾಗ, ಸತ್ಯನಾರಾಯಣ ಪೂಜೆಯ ದಿನ, ನಾಲ್ಕು ಜನ ಕೂಡಿ ಗಮಕವನ್ನೋ ಸಂಗೀತವನ್ನೋ ಕೇಳುವ ಸಂಜೆ, ಅದು ಕೆಳಗಿಳಿಯುತ್ತದೆ. ಅದಕ್ಕೆ ಹೆಸರು ಜಮಖಾನೆ. ಮೊದಲನೆಯದು ಬಹುಶಃ ಯಂತ್ರದಲ್ಲಿ ಸಿದ್ಧವಾದದ್ದು, ಎರಡನೆಯದು ಕೈಮಗ್ಗದಲ್ಲಿ ನೇಯ್ದದ್ದು. ಆದರೆ ಗ್ರಂಥಸ್ಥವಾದ ಚರಿತ್ರೆಯಿರುವುದು ಮೊದಲನೆಯದರ ಕುಲಕ್ಕೆ. ಎರಡನೆಯದಕ್ಕೆ ಇರುವುದು ಒಂದು ಐತಿಹ್ಯ ಮಾತ್ರ. ಹೀಗಾದದ್ದು ಏಕೆ ಎಂಬುದು ಪರಿಶೀಲನೆಗೆ ಯೋಗ್ಯವಾದ ಪ್ರಶ್ನೆ.

ಭಾರತೀಯ ನೆಲಹಾಸಿನ ಚರಿತ್ರೆಯನ್ನು ಬರೆಯುವ ಕ್ರಮವನ್ನು ಹಾಕಿಕೊಟ್ಟದ್ದು ಹತ್ತೊಂಬತ್ತನೆಯ ಶತಮಾನದ ಪ್ರದರ್ಶನಗಳು. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನಕ್ಕೆ ನಿಜಾಮರ ಸೀಮೆಯ ವಾರಂಗಲ್ಲಿನಿಂದ ಗಂಬಳಿಗಳು ಹೋದುವು. ಅವುಗಳ ನಯವನ್ನು ಕಂಡು ಅಲ್ಲಿಯ ರಸಿಕರು ಬೆರಗಾದರು; ರೇಷ್ಮೆಯದೊಂದು ಅಲ್ಲಿಯ ವಸ್ತುಸಂಗ್ರಹಾಲಯಕ್ಕೇ ಸೇರಿತು. 1880ರಲ್ಲಿ ಸರ್ ಜಾರ್ಜ್ ಬರ್ಡ್‌ವುಡ್ ಭಾರತದ ಕೈಗಾರಿಕಾ ಕಲೆಗಳನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದಾಗ ವಾರಂಗಲ್ಲು ಮತ್ತು ಮಚಲೀಪಟ್ಟಣದ ಗಂಬಳಿಗಳಿಗೆ ಅದರಲ್ಲಿ ಗೌರವದ ಸ್ಥಾನ ದೊರೆಯಿತು. ಈ ಮಹನೀಯರು ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ, 1832ರಲ್ಲಿ. ಹತ್ತಿಯ ದರಿ, ಸತರಂಜಿಗಳು ಈ ದೇಶದವೇ, ಗಂಟಿನ ಗಂಬಳಿ ಮುಸಲ್ಮಾನರೊಡನೆ ಬಂದದ್ದು ಎಂಬ ವಿಭಾಗವನ್ನು ಅವರೂ ಮಾಡುತ್ತಾರೆ. ವಿಭಾಗ ಸರಿಯಾದದ್ದೇ. ಆದರೆ ದೇಶೀಯವಾದುದನ್ನು ದೇಶೀಯವೆಂದು ಒಪ್ಪಿದೊಡನೆಯೇ ಅವರ ಕುತೂಹಲ ತೀರಿದಂತೆ ತೋರುತ್ತದೆ. ಅವರ ಮೆಚ್ಚುಗೆಯೂ ಅವರ ಕೋಪವೂ ಗಂಟಿನ ಗಂಬಳಿಗೇ ಮೀಸಲು. ಸೆರೆಮನೆಗಳಲ್ಲಿ ಕೈದಿಗಳಿಂದ ಅಗ್ಗವಾಗಿ ಗಂಬಳಿ ನೇಯಿಸಿ ಸ್ವತಂತ್ರ ನೇಕಾರರ ಹೊಟ್ಟೆಯ ಮೇಲೆ ಹೊಡೆದ ಸರ್ಕಾರದ ನೀತಿಯನ್ನು ಅವರು ನಿಷ್ಠುರವಾಗಿ ಖಂಡಿಸಿದರೆಂಬುದನ್ನು ಮಾತ್ರ ಕೃತಜ್ಞತೆಯಿಂದ ನೆನೆಯಬೇಕು.

ಇಲ್ಲಿ ನೇಯ್ಗೆಯ ಭೇದವನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಗಂಟಿನ ಗಂಬಳಿಯಲ್ಲಿ ಹಾಸಿನ ಎಳೆಗಳಿಗೆ ಬಣ್ಣದ ಉಣ್ಣೆಯ ತುಂಡುಗಳನ್ನು ಒಂದೊಂದಾಗಿ ಗಂಟುಹಾಕಿ ಕತ್ತರಿಸುತ್ತಾರೆ. ಮೇಲೆ ಎದ್ದುನಿಂತ ಉಣ್ಣೆಯ ತುದಿಗಳೇ ಚಿತ್ರವಾಗುತ್ತವೆ. ಅದಕ್ಕೆ ಮುಖವೊಂದು, ಬೆನ್ನೊಂದು. ದರಿ ಅಥವಾ ಜಮಖಾನೆಯಲ್ಲಿ ಗಂಟಿಲ್ಲ. ಬಣ್ಣದ ಹೊಕ್ಕಿನ ನೂಲೇ ಹಾಸಿನ ಮೇಲೂ ಕೆಳಗೂ ಹಾದು, ಹಣಿಗೆಯ ಪೆಟ್ಟಿಗೆ ಒತ್ತೊತ್ತಾಗಿ ಕುಳಿತು, ಹಾಸನ್ನು ಪೂರ್ತಿಯಾಗಿ ಮರೆಮಾಡುತ್ತದೆ. ಆದುದರಿಂದ ಚಿತ್ರ ಎರಡು ಕಡೆಯೂ ಒಂದೇ. ಗಂಟುಗಳನ್ನು ಎಣಿಸಬಹುದು, ಚದರ ಅಂಗುಲಕ್ಕೆ ಇಷ್ಟು ಎಂದು ಹೇಳಿ ಬೆಲೆ ಕಟ್ಟಬಹುದು. ಹೀಗೆ ಎಣಿಸಲು ಬರುವ ವಸ್ತು ವರ್ತಕನಿಗೆ ಪ್ರಿಯ, ಸಾಲ ಕೊಡುವವನಿಗೂ ಪ್ರಿಯ. ಕ್ರಮೇಣ ಅದು ವಿದ್ವಾಂಸನಿಗೂ ಪ್ರಿಯವಾಯಿತು. ಜಮಖಾನೆಯಲ್ಲಿ ಎಣಿಸಲು ಏನೂ ಇಲ್ಲದ್ದರಿಂದ ಅದು ಚರಿತ್ರೆಯ ಲೆಕ್ಕಕ್ಕೂ ಬರಲಿಲ್ಲ.

ಈ ಮಾತಿಗೆ ಉತ್ತಮ ನಿದರ್ಶನ ಬಿ. ಎಲ್. ರೈಸರು ಸಿದ್ಧಪಡಿಸಿದ ಮೈಸೂರು ಗೆಜೆಟಿಯರಿನಲ್ಲಿದೆ. ಬೆಂಗಳೂರಿನ ಗಂಬಳಿಗಳು ಬಾಳಿಕೆಗೆ ಪ್ರಸಿದ್ಧವೆಂದೂ, ಎರಡು ಕಡೆಯೂ ಒಂದೇ ಚಿತ್ರವಿರುವುದು ಅವುಗಳ ವೈಚಿತ್ರ್ಯವೆಂದೂ, ಹಳೆಯ ಮಾದರಿಗಳು ರೇಖೆಯಲ್ಲಿಯೂ ಬಣ್ಣದಲ್ಲಿಯೂ ಗಟ್ಟಿತನವುಳ್ಳವೆಂದೂ ಅವರು ತಿಳಿಸುತ್ತಾರೆ. ಮುಂದಿನ ಮಾತಿನಲ್ಲಿಯೇ, ಪಾರಸಿ ಮತ್ತು ತುರ್ಕಿ ಮಾದರಿಗಳನ್ನು ಅನುಸರಿಸಿ ಸೆಂಟ್ರಲ್ ಜೈಲಿನಲ್ಲಿ ಮಾಡುವ ಗಂಟಿನ ಗಂಬಳಿಗಳು ಬಹುಶಃ ಇಡೀ ಭಾರತದಲ್ಲಿಯೇ ಶ್ರೇಷ್ಠವಾದುವು ಎಂದು ತೀರ್ಪು ಕೊಡುತ್ತಾರೆ. ಶಾಸನಗಳ ಒಂದೊಂದು ಅಕ್ಷರವನ್ನೂ ಶ್ರದ್ಧೆಯಿಂದ ಓದಿದ ರೈಸರು ಕನ್ನಡಕ್ಕೆ ಮಾಡಿದ ಉಪಕಾರವನ್ನು ಯಾರೂ ಮರೆಯುವಂತಿಲ್ಲ. ಆದರೂ ಈ ಎರಡು ಮಾತುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಎರಡು ಕಡೆಯೂ ಒಂದೇ ಚಿತ್ರ ಬರುವುದು ಬೆಂಗಳೂರಿನ ವೈಚಿತ್ರ್ಯವಲ್ಲ. ಅದು ಗಂಟಿಲ್ಲದ ನೇಯ್ಗೆಯ ಸಹಜ ಧರ್ಮ. ನೇಯ್ಗೆಯ ಒಂದು ಕುಲವನ್ನೇ ಊರಿನ ಒಂದು ವಿಶೇಷವೆಂದು ಬರೆದಾಗ, ಅದೇ ಕುಲಕ್ಕೆ ಸೇರಿದ ನವಲಗುಂದ, ವಾರಂಗಲ್ಲು, ಭವಾನಿಗಳೊಡನೆ ಬೆಂಗಳೂರಿಗಿರುವ ನಂಟು ಕಡಿದುಹೋಗುತ್ತದೆ. ನಗರದಲ್ಲಿ ಬೆಳೆದ ಹಳೆಯ ಕೌಶಲಕ್ಕಿಂತ ಸೆರೆಮನೆಯಲ್ಲಿ ಪರದೇಶದ ನಕಲಿನಿಂದ ಹುಟ್ಟಿದ ವಸ್ತು ಮೇಲಾಯಿತು! ಸೆರೆಮನೆಯ ವಿಷಯದಲ್ಲಿ ಬರ್ಡ್‌ವುಡ್ ಒಂದು ಕಡೆ, ರೈಸರು ಇನ್ನೊಂದು ಕಡೆ. ಆದರೆ ಅಳತೆಗೋಲು ಇಬ್ಬರದೂ ಒಂದೇ.

ಕನ್ನಡದ ಮಾತುಗಳನ್ನೇ ಸಾಕ್ಷಿಯಾಗಿ ಕರೆದರೆ ಬೇರೆಯೇ ಚಿತ್ರ ಮೂಡುತ್ತದೆ. ನೇಯ್ಗೆಯ ಉದ್ದೆಳೆಗೂ ನೆಲದ ಮೇಲೆ ಹರಡುವುದಕ್ಕೂ ಕನ್ನಡದಲ್ಲಿ ‘ಹಾಸು’ ಎಂಬ ಒಂದೇ ಪದ. ಪಗಡೆಯಾಡುವ ಬಟ್ಟೆಯೂ ಹಾಸೇ. ‘ಹಾಸುಹೊಕ್ಕು’ ಎಂದು ದಿನವೂ ಆಡುವವರು ಮಗ್ಗವನ್ನು ನೆನೆಯುವುದಿಲ್ಲವೆಂಬುದು ಬೇರೆ ಮಾತು. ಇನ್ನು ‘ರತ್ನಗಂಬಳಿ’. ಇಂದು ಈ ಪದವನ್ನು ಪಾರಸಿ ಮಾದರಿಯ ಗಂಟಿನ ಹಾಸಿಗೆ ಬಳಸುತ್ತೇವೆ. ಆದರೆ ಜೈನ ಕಥೆಗಳ ‘ರತ್ನಕಂಬಲ’ ನೆಲಕ್ಕೆ ಹಾಸುವ ವಸ್ತುವೇ ಅಲ್ಲ. ಶಾಲಿಭದ್ರನ ಕಥೆಯಲ್ಲಿ ವರ್ತಕರು ರಾಜಗೃಹಕ್ಕೆ ತಂದ ರತ್ನಕಂಬಲಗಳ ಬೆಲೆಗೆ ಶ್ರೇಣಿಕ ಮಹಾರಾಜನೇ ಹಿಂಜರಿಯುತ್ತಾನೆ; ಶಾಲಿಭದ್ರನ ತಾಯಿ ಭದ್ರೆ ಅವೆಲ್ಲವನ್ನೂ ಕೊಂಡು, ಹರಿದು, ಸೊಸೆಯರಿಗೆ ಕಾಲೊರಸಲು ಹಂಚುತ್ತಾಳೆ. ಕೇಳುವವರು ಬೆಚ್ಚಿಬೀಳುವುದು ಮೈಮೇಲೆ ಹೊದೆಯಬೇಕಾದದ್ದು ಕಾಲಡಿಗೆ ಬಂದಿತಲ್ಲಾ ಎಂದು. ಪರದೇಶದ ಹಾಸು ನಮ್ಮ ಕಣ್ಣಿಗೆ ಬಿದ್ದಾಗ ಕನ್ನಡ ಅದಕ್ಕೆ ಹೊಸ ಹೆಸರನ್ನು ಹುಡುಕಲಿಲ್ಲ. ತನ್ನ ಕಂಬಳಿಯ ಹೆಸರನ್ನೇ ಕೊಟ್ಟು ಕುಲಕ್ಕೆ ಸೇರಿಸಿಕೊಂಡಿತು.

ಆ ಕಂಬಳಿಯಾದರೂ ಸಾಮಾನ್ಯವಾದದ್ದಲ್ಲ. ದಖ್ಖನಿ ಕುರಿಯ ಉಣ್ಣೆಯನ್ನು ನೂತು, ಹುಣಿಸೆಬೀಜದ ಗಂಜಿಯನ್ನು ಕುಂಚದಿಂದ ಬಳಿದು, ಕುಣಿಮಗ್ಗದಲ್ಲಿ ಕುರುಬರು ನೇಯುವ ಕರಿಯ ಕಂಬಳಿ ಹೊದಿಕೆಯೂ ಹೌದು, ಹಾಸೂ ಹೌದು, ಮಳೆಗೆ ಕೊಪ್ಪೆಯೂ ಹೌದು. ನ್ಯಾಯ ನಿರ್ಣಯಕ್ಕೆ ಕೂತಾಗ, ಮದುವೆಯಲ್ಲಿ, ದೇವರ ಕಾರ್ಯದಲ್ಲಿ ಅದು ಗದ್ದಿಗೆಯಾಗುತ್ತದೆ. ಚಿತ್ರದುರ್ಗದ ಸೀಮೆಯಿಂದ ಕೃಷ್ಣೆಯ ದಂಡೆಯವರೆಗೆ ಕಂಬಳಿ ಹಾಸಿದ ನೆಲವೇ ಸಭೆ. ನೆಲಹಾಸಿನ ಚರಿತ್ರೆಯೆಂದರೆ ಅರಮನೆಯ ಚರಿತ್ರೆಯೆಂದು ಬಗೆದವರಿಗೆ ಈ ಸಭೆ ಕಾಣುವುದಿಲ್ಲ.

ಈಗ ನವಲಗುಂದಕ್ಕೆ ಬರಬಹುದು. ಧಾರವಾಡ ಜಿಲ್ಲೆಯ ಈ ಊರು ಎರೆಭೂಮಿಯ ನಡುವೆ ಇದೆ. ನವಿಲಿನ ಗುಡ್ಡವೆಂಬುದರಿಂದ ಹೆಸರು ಬಂದಿತೆಂದು ಹೇಳಿಕೆ. ನಾಗಲಿಂಗಸ್ವಾಮಿಗಳ ಮಠದಿಂದ ಪ್ರಸಿದ್ಧವಾದ ಈ ಊರು 1980ರ ರೈತ ಬಂಡಾಯದಿಂದ ನಾಡಿನ ರಾಜಕೀಯ ಚರಿತ್ರೆಗೂ ಸೇರಿತು. ಇದೇ ಊರಿನಲ್ಲಿ ಜಮಖಾನ ಗಲ್ಲಿ ಎಂಬುದೊಂದಿದೆ. ಅಲ್ಲಿಯ ಮುಸಲ್ಮಾನ ಮನೆತನಗಳ ಸ್ತ್ರೀಯರು ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ಹತ್ತಿಯ ಜಮಖಾನೆಗಳನ್ನು ನೇಯುತ್ತ ಬಂದಿದ್ದಾರೆ. ದೊಡ್ಡ ಹಾಸಾದರೆ ಇಬ್ಬರು ಪಕ್ಕಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ. ಬಣ್ಣದ ನೂಲನ್ನು ಬೇಕಾದಷ್ಟೇ ಅಗಲಕ್ಕೆ ಬೆರಳಿನಿಂದ ಹಾಯಿಸಿ ಹಿಂದಿರುಗಿಸಿ, ಕಬ್ಬಿಣದ ಪಂಜದಿಂದ ಬಡಿದು ಕೂಡಿಸುವುದು ಕ್ರಮ. ಕೆಂಪು, ಹಳದಿ, ಕಪ್ಪು, ಹಸಿರುಗಳ ಗಟ್ಟಿ ಬಣ್ಣಗಳು ಒಂದರ ಪಕ್ಕದಲ್ಲೊಂದು ನಿಸ್ಸಂಕೋಚವಾಗಿ ನಿಲ್ಲುತ್ತವೆ. ಮುಖ್ಯವಾದ ಚಿತ್ರಗಳು ಎರಡು: ನವಿಲು ಮತ್ತು ಪಗಡೆಯ ಹಾಸು. ಇವಲ್ಲದೆ ನಮಾಜಿಗೆ ಬಳಸುವ ಜಾನಮಾಜುಗಳೂ ಅಲ್ಲಿ ಸಿದ್ಧವಾಗುತ್ತವೆ. ಹೊಕ್ಕಿನ ನೂಲು ಅಡ್ಡಲಾಗಿ ಮಾತ್ರ ಹಾಯುವುದರಿಂದ ಇಂತಹ ನೇಯ್ಗೆಯಲ್ಲಿ ಬಳುಕುವ ರೇಖೆ ಕಷ್ಟ. ನವಿಲಿನ ಕೊರಳೂ ಮೆಟ್ಟಿಲುಮೆಟ್ಟಿಲಾಗಿ ಏರಬೇಕು. ಇದನ್ನು ಒರಟುತನವೆಂದವರಿದ್ದಾರೆ. ವಾಸ್ತವವಾಗಿ ಇದು ನೂಲಿನ ಸ್ವಭಾವಕ್ಕೆ ಒಪ್ಪಿ ನಡೆದ ಚಿತ್ರ. ಪಗಡೆಯ ಹಾಸಿನ ಚೌಕಗಳು ಜಮಖಾನೆಗೆ ಎಷ್ಟು ಸಹಜವಾಗಿ ಹೊಂದುತ್ತವೆಯೆಂದರೆ ಆಟ ನೇಯ್ಗೆಯಿಂದ ಹುಟ್ಟಿತೋ ನೇಯ್ಗೆ ಆಟದಿಂದ ಹುಟ್ಟಿತೋ ಎಂದು ಸಂದೇಹ ಬರುತ್ತದೆ.

ಜಮಖಾನ ಗಲ್ಲಿಯ ಐತಿಹ್ಯ ಸರಳವಾದುದು. ಬಿಜಾಪುರದ ಅಲಿ ಆದಿಲಶಾಹನ ಕಾಲದಲ್ಲಿ ಪಾರಸಿ ದೇಶದ ನೇಕಾರರು ರಾಜಧಾನಿಗೆ ಬಂದರು. ವಿಜಯನಗರದೊಡನೆ ಯುದ್ಧವಾದಾಗ ನೆಮ್ಮದಿಯನ್ನರಸಿ ನವಲಗುಂದಕ್ಕೆ ಬಂದು ನೆಲೆಸಿದರು. ಕರಕುಶಲವಸ್ತುಗಳನ್ನು ಕುರಿತ ಬರಹಗಳಲ್ಲಿ ಈ ಕಥೆ ಪ್ರಶ್ನೆಯಿಲ್ಲದೆ ಪುನರಾವೃತ್ತವಾಗುತ್ತದೆ. ಐತಿಹ್ಯವನ್ನು ಹಳಿಯುವುದು ವಿದ್ವತ್ತಲ್ಲ. ಹಾಗೆಯೇ ನಂಬುವುದೂ ವಿದ್ವತ್ತಲ್ಲ. ಅಲಿ ಆದಿಲಶಾಹರು ಇಬ್ಬರು. ಒಂದನೆಯವನು ಆಳಿದ್ದು 1558ರಿಂದ 1580ರವರೆಗೆ. ಎರಡನೆಯವನು 1656ರಿಂದ 1672ರವರೆಗೆ. ವಿಜಯನಗರದ ಯುದ್ಧವೆಂದ ಮೇಲೆ ಮೊದಲನೆಯವನೇ ಇರಬೇಕು. ಆ ಯುದ್ಧ 1565ರದು. ಆದರೆ ಧಾರವಾಡ, ಬಂಕಾಪುರಗಳ ಸೀಮೆ ಬಿಜಾಪುರದ ಕೈಗೆ ಬಂದದ್ದು 1570ರ ದಶಕದಲ್ಲಿ. ಯುದ್ಧದ ಭಯಕ್ಕೆ ಓಡಿದವರು ಶತ್ರುವಿನ ಸೀಮೆಯ ಕಡೆಗೇ ಓಡಿದರೆಂದು ನಂಬುವುದು ಕಷ್ಟ. ರಾಜ್ಯ ವಿಸ್ತರಿಸಿದ ಮೇಲೆ, ಅಧಿಕಾರಿಗಳ ಮತ್ತು ದಂಡಿನ ಬೆನ್ನಿಗೆ ಕುಶಲಕರ್ಮಿಗಳು ಹೊಸ ಠಾಣೆಗಳಿಗೆ ಬಂದರೆಂದರೆ ಕಥೆ ಕಾಲಕ್ಕೆ ಹೊಂದುತ್ತದೆ. ಹಾಗಾದರೆ ಇದು ಪಲಾಯನದ ಕಥೆಯಲ್ಲ, ವಿಸ್ತರಣೆಯ ಕಥೆ.

ಪಾರಸಿ ಮೂಲದ ವಿಷಯ ಇನ್ನೂ ಜಟಿಲ. ಆದಿಲಶಾಹಿಯ ಆಸ್ಥಾನದಲ್ಲಿ ಗಂಟಿನ ಗಂಬಳಿಗಳು ಇದ್ದುವೆಂಬುದು ನಿರ್ವಿವಾದ. ಅಸಾರ್ ಮಹಲಿನಿಂದ ಬಂದ ಹಳೆಯ ಗಂಬಳಿಗಳನ್ನು ಗೋಳಗುಮ್ಮಟದ ಆವರಣದ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಆದರೆ ನವಲಗುಂದದಲ್ಲಿ ಇರುವುದು ಗಂಟಿಲ್ಲದ ಹತ್ತಿಯ ನೇಯ್ಗೆ. ಇದನ್ನು ಬರ್ಡ್‌ವುಡ್ಡರೇ ಭಾರತದ ಹಳೆಯ ಪದ್ಧತಿಯೆಂದರು. ಆಸ್ಥಾನದ ಕಾರ್ಖಾನೆಗಳು ಗಂಡಸರವು. ನವಲಗುಂದದ ಮಗ್ಗ ಹೆಂಗಸರದು, ಮನೆಯೊಳಗಿನದು. ಇಷ್ಟನ್ನು ನೋಡಿ ಪಾರಸಿ ಸಂಬಂಧವನ್ನು ತಳ್ಳಿಹಾಕಲು ಮನಸ್ಸಾಗುತ್ತದೆ. ಆದರೆ ಅದೂ ಅವಸರದ ಮಾತು. ಇರಾನಿನ ಯಜ್ದ್ ಪ್ರಾಂತದ ಮೈಬೋದಿನಲ್ಲಿ ‘ಜೀಲು’ ಎಂಬ ನೆಲಹಾಸಿದೆ. ಅದೂ ಹತ್ತಿಯದು, ಅದರಲ್ಲಿಯೂ ಗಂಟಿಲ್ಲ, ಅದರ ಮಗ್ಗವೂ ನೆಟ್ಟಗೆ ನಿಲ್ಲುವಂಥದು. ಮಸೀದಿಗಳಲ್ಲಿ ಹಾಸುವುದಕ್ಕೆ ಅದರ ಮುಖ್ಯ ಬಳಕೆ. ಉತ್ತರ ಭಾರತದ ದರಿಯನ್ನು ಬಹುಮಟ್ಟಿಗೆ ನೆಲಕ್ಕೆ ಸಮನಾದ ಮಗ್ಗದಲ್ಲಿ ನೇಯುತ್ತಾರೆ. ಕುರುಬರ ಕಂಬಳಿ ಕುಣಿಮಗ್ಗದ್ದು. ನವಲಗುಂದದ ನಿಂತ ಮಗ್ಗ ಇವೆರಡರಿಂದಲೂ ಬೇರೆ. ಜೀಲುವಿನಲ್ಲಿ ಚಿತ್ರವನ್ನು ದಾರಗಳ ಕಟ್ಟಿನಿಂದ ಎತ್ತುತ್ತಾರೆ, ನವಲಗುಂದದಲ್ಲಿ ಬೆರಳಿನಿಂದ ಕೂಡಿಸುತ್ತಾರೆ. ಆದ್ದರಿಂದ ಒಂದು ಇನ್ನೊಂದರ ಮಗಳೆನ್ನುವಂತಿಲ್ಲ. ಆದರೂ ಐತಿಹ್ಯದಲ್ಲಿ ಸತ್ಯಾಂಶವಿದ್ದರೆ ಅದು ನಿಂತ ಮಗ್ಗದಲ್ಲಿರಬೇಕು. ಪಗಡೆ, ನವಿಲುಗಳು ಪಾರಸಿಯಿಂದ ಬರಬೇಕಾಗಿರಲಿಲ್ಲ. ಚೌಕಟ್ಟು ಹೊರಗಿನದು, ಹಾಸಿನಲ್ಲಿ ಆಡುವ ಮಾತು ಒಳಗಿನದು ಎಂಬುದು ಸದ್ಯಕ್ಕೆ ಒಪ್ಪಬಹುದಾದ ಊಹೆ. ದಖ್ಖನಿನ ವಾಸ್ತುವಿನಲ್ಲಿಯೂ ಭಾಷೆಯಲ್ಲಿಯೂ ಕಂಡುಬರುವ ಮೈತ್ರಿ ಇದೇ ಅಲ್ಲವೇ?

ಈ ಕೊರತೆ ವಿದ್ವಾಂಸರ ಗಮನಕ್ಕೆ ಬಂದೇ ಇಲ್ಲವೆಂದರೆ ಅನ್ಯಾಯವಾದೀತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1969ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಭಾರತದ ಗಂಬಳಿಗಳು ಎಂದು ಮಾತ್ರ ಹೆಸರಿಡದೆ, ನೆಲಹಾಸುಗಳು ಎಂಬ ಮಾತನ್ನೂ ಜೊತೆಗೆ ಸೇರಿಸಿದರು. ಆ ಒಂದು ಪದದಿಂದ ಚಾಪೆಗೂ ದರಿಗೂ ಬಾಗಿಲು ತೆರೆಯಿತು. 1982ರಲ್ಲಿ ಲಂಡನ್ನಿನಲ್ಲಿ ಸ್ಟೀವನ್ ಕೋಹೆನ್ ದರಿಯನ್ನೇ ಕುರಿತು ಬರೆದ ಪುಸ್ತಕದ ಹೆಸರಿನಲ್ಲಿಯೇ ಅದು ಮನ್ನಣೆ ಕಾಣದ ವಸ್ತುವೆಂಬ ತಪ್ಪೊಪ್ಪಿಗೆಯಿದೆ. ಮುಂದೆ ದಖ್ಖನಿ ಗಂಟಿನ ಗಂಬಳಿಗಳ ಅಧ್ಯಯನವೂ ವಿಸ್ತಾರವಾಯಿತು. ಹದಿನೇಳನೆಯ ಶತಮಾನದಿಂದ ಡಚ್ಚರ ಹಡಗುಗಳಲ್ಲಿ ಜಪಾನಿಗೆ ಹೋಗಿ, ಕ್ಯೋತೋ ನಗರದ ಗಿಯೋನ್ ಉತ್ಸವದ ತೇರುಗಳಿಗೆ ಅಲಂಕಾರವಾಗಿ ಉಳಿದುಬಂದ ಗಂಬಳಿಗಳಲ್ಲಿ ಹಲವು ದಖ್ಖನಿನವೆಂದು ಗುರುತಿಸಲಾಗಿದೆ. ತೇರಿಗೆ ಕಟ್ಟಿದ್ದರಿಂದ ಅವು ಬದುಕಿದುವು, ಕಾಲಡಿಯಲ್ಲಿದ್ದವು ಸವೆದುಹೋದುವು. ಹತ್ತಿಯ ಜಮಖಾನೆಯಂತೂ ಸವೆಯುವುದಕ್ಕೇ ಹುಟ್ಟಿದ್ದು. ಹಳೆಯದು ಉಳಿದಿಲ್ಲವೆಂಬ ಕಾರಣಕ್ಕೆ ಅದು ಹಳೆಯದಲ್ಲವೆಂದು ಹೇಳಲಾಗದು. ಉಳಿದ ವಸ್ತುಗಳಿಂದ ಮಾತ್ರ ಕಟ್ಟಿದ ಚರಿತ್ರೆ ಉಳ್ಳವರ ಚರಿತ್ರೆಯೇ ಆಗಿಬಿಡುವ ಅಪಾಯವಿದೆ.

ಇಂದಿನ ಸ್ಥಿತಿಯ ಮಾತು ಬೇರೆ. 1999ರ ಕಾಯಿದೆಯ ಪ್ರಕಾರ ನವಲಗುಂದದ ಜಮಖಾನೆಗೆ ಭೌಗೋಳಿಕ ಸೂಚಕದ ರಕ್ಷಣೆ ದೊರೆತಿದೆ. ಭವಾನಿಯ ಜಮಕ್ಕಾಳಕ್ಕೂ, 2018ರಲ್ಲಿ ವಾರಂಗಲ್ಲಿನ ದರಿಗೂ ದೊರೆಯಿತು. ಭವಾನಿಯಲ್ಲಿ ಇದನ್ನು ಬೆಳೆಸಿದವರು ಜಂಗಮರೆಂಬ ನೇಕಾರ ಸಮುದಾಯದವರೆಂಬುದು ಕನ್ನಡ ಸಂಶೋಧಕರು ಗಮನಿಸಬೇಕಾದ ಸಂಗತಿ. ಸೂಚಕ ಹೆಸರನ್ನು ಕಾಯುತ್ತದೆ, ಕೂಲಿಯನ್ನು ಕಾಯುವುದಿಲ್ಲ. ಜಮಖಾನೆಯ ಬೆಲೆಯಲ್ಲಿ ನೂಲು ಬಣ್ಣಗಳ ವೆಚ್ಚವನ್ನು ಕಳೆದರೆ ಉಳಿಯುವುದು ಹೆಣ್ಣುಮಗಳು ಮಗ್ಗದ ಮುಂದೆ ಕಳೆದ ದಿನಗಳು. ಅಡಿಗೆ, ಮಕ್ಕಳು, ನೀರು ಇವುಗಳ ನಡುನಡುವೆ ಕಳೆದ ಆ ದಿನಗಳಿಗೆ ಲೆಕ್ಕದ ಪುಸ್ತಕವಿಲ್ಲ. ಸಹಕಾರಿ ಪತ್ತಿನ ಚಳವಳಿ ಭಾರತದಲ್ಲಿ ಕಣ್ಣುಬಿಟ್ಟದ್ದು ಇದೇ ಸೀಮೆಯ ಕಣಗಿನಹಾಳದಲ್ಲಿ, 1905ರಲ್ಲಿ. ಅದು ರೈತರಿಗಾಗಿ ಹುಟ್ಟಿದ ಸಂಘ. ಭೂಮಿಯಿದ್ದವನಿಗೆ ಸಾಲ ಸುಲಭ. ಗೋಡೆಗೊರಗಿದ ಮಗ್ಗವೊಂದೇ ಆಸ್ತಿಯಾದವಳಿಗೆ ಯಾವ ಪತ್ತಿನ ಸಂಸ್ಥೆಯೂ ಸುಲಭವಾಗಿ ಬಾಗಿಲು ತೆರೆಯುವುದಿಲ್ಲ.

ನವಲಗುಂದದ ಮನೆತನಗಳಲ್ಲಿ ಕಸಬನ್ನು ಹೆಣ್ಣುಮಕ್ಕಳಿಗೆ ಕಲಿಸದೆ ಸೊಸೆಯರಿಗೆ ಕಲಿಸುವ ರೂಢಿಯಿತ್ತೆಂದು ಹೇಳುತ್ತಾರೆ. ಮಗಳು ಮದುವೆಯಾಗಿ ಹೋದಲ್ಲಿಗೆ ವಿದ್ಯೆಯೂ ಹೋಗಿಬಿಟ್ಟೀತೆಂಬ ಶಂಕೆ ಇದಕ್ಕೆ ಕಾರಣ. ಮಗ್ಗಗಳು ತುಂಬಿದ್ದಾಗ ಇದು ವಿದ್ಯೆಯನ್ನು ಕಾಯ್ದ ಬೇಲಿ. ಮಗ್ಗಗಳು ಕೆಲವೇ ಉಳಿದಾಗ ಅದೇ ಬೇಲಿ ವಿದ್ಯೆಯನ್ನು ಒಳಗೇ ಒಣಗಿಸುತ್ತದೆ. ಅತ್ತೆ ಸೊಸೆಯರ ನಡುವೆ ಬಾಯಿಂದ ಬಾಯಿಗೆ ಸಾಗಿಬಂದ ಚಿತ್ರಗಳ ಹೆಸರುಗಳು, ಎಳೆಗಳ ಎಣಿಕೆ, ಬಣ್ಣಗಳ ಕ್ರಮ ಇವನ್ನು ದಖ್ಖನಿ ಉರ್ದುವಿನಲ್ಲಿಯೂ ಕನ್ನಡದಲ್ಲಿಯೂ ಕೇಳಿ ಬರೆದಿಡುವ ಕಾರ್ಯ ಯಾವ ಪರಿಷತ್ತಿಗೂ ಮೀರಿದ್ದಲ್ಲ. ವಾರಂಗಲ್ಲನ್ನೂ ಕಲಬುರ್ಗಿಯನ್ನೂ 1956ರವರೆಗೆ ಒಂದೇ ಆಡಳಿತದಲ್ಲಿಟ್ಟಿದ್ದ ಹೈದರಾಬಾದಿನ ಕನ್ನಡಿಗರಿಗೆ ಎರಡೂ ಕಡೆಯ ನೇಯ್ಗೆಯನ್ನು ಹೋಲಿಸಿ ನೋಡುವ ಅನುಕೂಲ ಬೇರೆಯವರಿಗಿಂತ ಹೆಚ್ಚು.

ಅದಕ್ಕೆ ಬೇಕಾದ ಸಾಮಗ್ರಿ ಮಣಿಕೊಂಡದ ಅಟ್ಟಗಳ ಮೇಲೆಯೇ ಇರಬಹುದು. ಅಜ್ಜಿಯ ಕಾಲದ ಜಮಖಾನೆಯನ್ನು ಬಿಸಿಲಿಗೆ ಹಾಕುವ ದಿನ ನಾಲ್ಕು ಅಂಶಗಳನ್ನು ಗುರುತಿಸಿಟ್ಟರೆ ಸಾಕು: ಎರಡು ಕಡೆಯೂ ಚಿತ್ರ ಒಂದೇ ಆಗಿದೆಯೇ, ಎರಡು ಬಣ್ಣಗಳು ಕೂಡುವಲ್ಲಿ ಸೀಳು ಬಿಟ್ಟಿದೆಯೇ ಅಥವಾ ಎಳೆಗಳು ಒಂದನ್ನೊಂದು ಹಿಡಿದುಕೊಂಡಿವೆಯೇ, ಅದನ್ನು ಯಾವ ಊರಿನಲ್ಲಿ, ಯಾವ ಶುಭಕಾರ್ಯಕ್ಕಾಗಿ ಕೊಂಡರೆಂದು ಹಿರಿಯರು ಹೇಳುತ್ತಾರೆ, ಅಂಚಿನ ಕುಚ್ಚನ್ನು ಬಿಡಿಸಿ ನೋಡಿದರೆ ಹಾಸಿನ ಎಳೆ ಕೈನೂಲೋ ಗಿರಣಿಯ ನೂಲೋ.